ಉದ್ದಪ್ಪನ ಹಸಿರು

"ಈ ಪೆನ್ನು ನಿನ್ನ ಹಂತೇಕನ ಇರ್ಲಿ," ಎಂದು ಉದ್ದಪ್ಪ ಚಹದ ಬಸಿಯನ್ನು ಕೆಳಗಿಟ್ಟ. "ನನ್ನ ಕಂಬ ನಾ ಮಾರೂದಿಲ್ಲ."

ಕಸ್ತೂರಿ ಖರೀದಿ ಪತ್ರದ ಮೇಲೆ ಚಾಚಿದ ಪೆನ್ನನ್ನು ಹಿಂದೆ ತೆಗೆದಳು. ನಿನ್ನೆ ತಾನೇ ಫೋನಿನಲ್ಲಿ ಹೂಂ ಅಂದಿದ್ದ ಮನುಷ್ಯ! ಕಲ್ಲೋಳಿಯ ಒಂದು ಕೋಣೆಯಲ್ಲಿ ಕೇಬಲ್ ಅಂಗಡಿ ಇಟ್ಟವಳು ಮೂಡಲಗಿ, ಗೋಕಾಕದ ಸಣ್ಣಪುಟ್ಟ ಕೇಬಲ್‌ನವರನ್ನೆಲ್ಲ ಕೊಂಡು ಇಂಟರ್ನೆಟ್ ಕಂಪನಿ ಕಟ್ಟಿದ್ದಳು. ಹೋದ ತಿಂಗಳು ರಾಜ್ಯದ ಗಡಿಯಾಚೆ ಗಡಹಿಂಗ್ಲಜದಲ್ಲೂ ಒಂದು ಕಂಪನಿಯನ್ನು ಕೊಂಡಾಗಿತ್ತು. ಈಚೆಯ ತಂತಿ ಆಚೆ ಮುಟ್ಟಬೇಕಾದರೆ ಬೆಲ್ಲದ ಬಾಗೇವಾಡಿಯ ಉದ್ದಪ್ಪನ ಕಂಬಗಳ ಮೇಲಿಂದಲೇ ಹಾಯಬೇಕು. ಅವನು ಒಲ್ಲೆನೆಂದರೆ ಗಡಹಿಂಗ್ಲಜದ ಖರೀದಿ ನೀರುಪಾಲು.

"ಯಾಕ್ರಿ ಕಾಕಾ? ನನ್ನ ಕಡಿಂದ ಏನ್ ತಪ್ಪಾತು?"

"ಮೊನ್ನಿ ಮಸಗುಪ್ಪಿಗೆ ಹೋಗಿದ್ದೆ. ನಿಮಗ ಕಂಬ ಮಾರಿದ ಬೀರಸಿದ್ದಪ್ಪನ ಡಬ್ಬಿಗೆಲ್ಲ ನೀಲಿ ಬಳದೀರಿ. ಅವನ ಕೆಂಪು ಎಲ್ಲೈತಿ?"

ಕಸ್ತೂರಿ, ಈ ಕೇಬಲ್‌ನವರು, ಎಲ್ಲರದೂ ಕುರಿ ಸಾಕಿದ ಮನೆತನ. ಮೇವಿಗೆ ದೂರ ಹೋಗುವಾಗ ನಾಲ್ಕಾರು ಮನೆಗಳ ಕುರಿ ಕೂಡಿ ಒಂದೇ ಹಿಂಡಾಗುತ್ತವೆ. ಆದರೆ ಒಂದೊಂದು ಮನೆಯ ಕುರಿಯ ಬೆನ್ನಿಗೂ ಆ ಮನೆಯದೇ ಬಣ್ಣ. ಅದನ್ನು ಅಳಿಸಿದವನನ್ನು ಕಳ್ಳ ಅನ್ನುತ್ತಾರೆ. ಕಂಪನಿ ಶುರುವಾದಾಗ ಕಸ್ತೂರಿಯೂ ಅದೇ ರೂಢಿ ಇಟ್ಟಿದ್ದಳು. ಯಾರ ಕಂಬ ಕೊಂಡಳೋ ಆ ಕಂಬದ ಡಬ್ಬಿಗೆ ಅವರ ಮನೆಯ ಬಣ್ಣ. ಲೈನು ಹೋದರೆ ಜನ ಅವರನ್ನೇ ಕರೆಯುತ್ತಿದ್ದರು, ಅವರೇ ನಿಚ್ಚಣಿಕೆ ಹೊತ್ತು ಓಡುತ್ತಿದ್ದರು. ಗಡಹಿಂಗ್ಲಜ ಕೈಗೆ ಬಂದದ್ದೇ ತಡ, ಎಲ್ಲಕ್ಕೂ ಕಂಪನಿಯ ನೀಲಿ ಬಳಿಯಿರಿ ಎಂದವಳೂ ಅವಳೇ. ದೊಡ್ಡಸ್ತಿಕೆ ತಲೆಗೇರಿತ್ತು, ಇನ್ನೇನು.

ಕಸ್ತೂರಿಗೆ ನಾಚಿಕೆಯಾಯಿತು. ವಾದಕ್ಕಿಳಿಯಲಿಲ್ಲ.

"ತಪ್ಪಾತ್ರಿ ಕಾಕಾ. ಗಾಡ್ಯಾಗ ಕುಂದರ್ರಿ, ಮಸಗುಪ್ಪಿಗೆ ಹೋಗೂಣು."

ದಾರಿಯಲ್ಲಿ ಕೆಂಪು ಬಣ್ಣದ ಡಬ್ಬ ಕೊಂಡಳು. ಮಸಗುಪ್ಪಿಯಲ್ಲಿ ಬೀರಸಿದ್ದಪ್ಪನ ಮನೆ ಮುಂದಿನ ಕಂಬಕ್ಕೆ ನಿಚ್ಚಣಿಕೆ ಹಚ್ಚಿ, ಸೆರಗು ಸಿಕ್ಕಿಸಿ ತಾನೇ ಹತ್ತಿದಳು. ಬೀರಸಿದ್ದಪ್ಪ ಕೆಳಗೆ ನಿಚ್ಚಣಿಕೆ ಹಿಡಿದು ನಿಂತ.

"ಸಾವಕಾಶ, ತಂಗಿ. ನನ್ನ ತಲಿಗೂ ಹಚ್ಚೀಯವ್ವ, ಮೊದಲ ಬೆಳ್ಳಗಾಗೈತಿ," ಎಂದ. ಮಾತು ನಗೆಯದೇ, ಆದರೆ ಅವನ ಕಣ್ಣು ಒದ್ದೆಯಾಗಿತ್ತು.

ನೀಲಿಯ ಮೇಲೆ ಕೆಂಪು ಕೂತಿತು. ಅಡ್ಡಾದಿಡ್ಡಿ, ಮಕ್ಕಳು ಬಳಿದ ಹಾಗೆ. ಕಸ್ತೂರಿ ಕೆಳಗಿಳಿದು ಮುಂದಿನ ಕಂಬಕ್ಕೆ ಹೊರಟಾಗ ಉದ್ದಪ್ಪ ಅಡ್ಡ ಬಂದ.

"ಎಲ್ಲೈತಿ ನಿನ್ನ ಪೆನ್ನು? ನಂದು ಹಸರು. ಮರೀಬ್ಯಾಡ."

ಮುಂದಿನ ವಾರ ಗಡಿಯ ಹತ್ತಿರದ ಕೊನೆಯ ಕಂಬಕ್ಕೆ ತಂತಿ ಬಂತು. ಉದ್ದಪ್ಪ ಯಾರನ್ನೂ ಹತ್ತಗೊಡಲಿಲ್ಲ. ತಾನೇ ಮೇಲೇರಿ ಜೋಡಣೆ ಮುಗಿಸಿದ, ಡಬ್ಬಿಗೆ ಹಸಿರು ಬಳಿದ. ಕಸ್ತೂರಿ ಕೆಳಗೆ ಫೋನು ಕಿವಿಗೆ ಹಿಡಿದು ನಿಂತಿದ್ದಳು.

ಗಡಹಿಂಗ್ಲಜದ ಆಫೀಸಿನಲ್ಲಿ ಕಾಯುತ್ತಿದ್ದ ಸುಮನ್‌ಳ ದನಿ ಕೇಳಿತು. "ಬಂತ್ರಿ ಅಕ್ಕಾ. ಕಲ್ಲೋಳಿ ಲೈನು ಇಲ್ಲಿ ಬಂತು."

ಕಸ್ತೂರಿಗೆ ನಗು, ಅಳು ಒಟ್ಟಿಗೇ ಬಂದವು. ಗೆದ್ದಿದ್ದಳು, ಊರೂರು ಕೂಡಿ ಗಡಿ ದಾಟಿದ್ದವು. "ಕಾಕಾ, ದಾಟೇತ್ರಿ," ಎಂದು ಮೇಲೆ ನೋಡಿ ಕೂಗಿದಳು.

ಉದ್ದಪ್ಪ ಕಂಬದ ಮೇಲಿಂದಲೇ ಹಿಂಡು ಹೊಡೆಯುವ ಹಾಗೆ ಉದ್ದಕ್ಕೆ ಸಿಳ್ಳು ಹಾಕಿದ. ಇಳಿದು ಬಂದು ಹಸಿರು ಹತ್ತಿದ ಕೈ ಒರೆಸಲು ಅತ್ತಿತ್ತ ನೋಡಿದ. ಕಂಪನಿಯ ಹೊಸ ನೀಲಿ ಗಾಡಿ ನಿಂತಿತ್ತು. ಅದರ ಬಾಗಿಲಿಗೆ ಅಂಗೈಯನ್ನು ಗಟ್ಟಿಯಾಗಿ ಒತ್ತಿದ.

"ಇದೂ ನಮ್ಮ ಹಿಂಡಿಂದು, ಅಲ್ಲೇನು?"

ಕಸ್ತೂರಿ ಒರೆಸಗೊಡಲಿಲ್ಲ. ಐದು ಹಸಿರು ಬೆರಳು ಹೊತ್ತುಕೊಂಡೇ ಗಾಡಿ ಗಡಹಿಂಗ್ಲಜದ ರಸ್ತೆ ಹಿಡಿಯಿತು.