ದುರ್ಗಿ ದರ ಹೇಳಿದಳು

ಈರುಳ್ಳಿ ಬೆಳೆಯುವುದರಲ್ಲಿ ಕುಮಟಾ ಬಳಿಯ ಬಾಡ ಊರಿನ ದುರ್ಗಿಯದು ಎತ್ತಿದ ಕೈ. ಆದರೆ ತಾನು ಬೆಳೆದದ್ದಕ್ಕೆ ತಾನು ದರ ಹೇಳಿದವಳಲ್ಲ. ವ್ಯಾಪಾರಿ ತ್ರ್ಯಂಬಕ ಬರುತ್ತಿದ್ದ, ಅವನೇ ದರ ಹೇಳುತ್ತಿದ್ದ, "ಆತು ಒಡ್ಯಾ" ಎಂದು ಇವಳು ತಲೆಯಾಡಿಸುತ್ತಿದ್ದಳು. ಅವಳ ಅಜ್ಜಿಯೂ ಹಾಗೆಯೇ ತಲೆಯಾಡಿಸಿದ್ದಳು. ನಮ್ಮ ಹಾಲಕ್ಕಿ ಕೇರಿಗಳಲ್ಲಿ ಇದು ಹೊಸದಲ್ಲ. ಅದಕ್ಕೇ ನನಗೆ ಸಿಟ್ಟು.

ಈ ಸಲ ದುರ್ಗಿ ಸ್ವಸಹಾಯ ಸಂಘದಲ್ಲಿ ಸಾಲ ಪಡೆದು ಹೆದ್ದಾರಿ ಬದಿಗೆ ಚಿಕ್ಕ ಅಂಗಡಿ ಇಟ್ಟಳು. ತ್ರ್ಯಂಬಕ ಸ್ಕೂಟರ್ ನಿಲ್ಲಿಸಿ ನಕ್ಕ.

"ನೆಟ್ಟು ಬೆಳೆಸೂದು ನಿಮ್ಮ ಕೆಲ್ಸ. ಮಾರೂದು ನಮ್ಮದು. ಸುಮ್ನೆ ಮಾಲು ಹಾಳು ಮಾಡ್ಬೇಡ ದುರ್ಗಿ."

ಆ ಮಾತು ಚುಚ್ಚಿತು. ಪೇಟೆ ಅಂಗಡಿಗಿಂತ ತನ್ನದು ಕಡಿಮೆ ಕಾಣಬಾರದೆಂದು ಅವಳು ಹಟ ಹಿಡಿದಳು. ನಮ್ಮವರು ಈರುಳ್ಳಿಯ ದಂಟು ಕತ್ತರಿಸುವುದಿಲ್ಲ, ಜಡೆಯಂತೆ ಹೆಣೆದು ಗೊಂಚಲು ಮಾಡಿ ತೂಗುಹಾಕುತ್ತಾರೆ. ದುರ್ಗಿಗೆ ಅದು ಹಳ್ಳಿಗಾಡಿನ ರೀತಿ ಅನ್ನಿಸಿತು. ದಂಟನ್ನೆಲ್ಲ ಕತ್ತರಿಸಿ, ಈರುಳ್ಳಿಯನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಟ್ಟಳು. ಕಡಲಬದಿಯ ಸೆಕೆಗೆ ಚೀಲದೊಳಗೆಲ್ಲ ನೀರಾಡಿತು. ವಾರದೊಳಗೆ ಈರುಳ್ಳಿ ಕೊಳೆತು ನಾರಿತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಮುಂದೆ ಹೋದರು.

ಗಂಡ ಕುಪ್ಪ ಕೈಚೆಲ್ಲಿದ. "ಸಾಕು ಮಾರಾಯ್ತಿ, ಅಂಗಡಿ ಮುಚ್ಚು. ಗದ್ದೇಲಿ ಉಳ್ದದ್ದನ್ನ ಒಡ್ಯರಿಗೇ ಕೊಡ್ವ. ವ್ಯಾಪಾರ ನಮ್ಮ ಜನಕ್ಕೆ ಹೇಳಿದ್ದಲ್ಲ."

"ಯಾರು ಹೇಳಿದ್ರು ಹಂಗೆ?"

ಕೇಳಿದವಳು ಕುಪ್ಪನ ಅಕ್ಕ ಹೊನ್ನಮ್ಮ. ಅಪ್ಸರಕೊಂಡದಲ್ಲಿ ಪ್ರವಾಸಿಗರಿಗೆ ಗಂಜಿ, ಮೀನುಸಾರು ಬಡಿಸುವ ಹೋಟೆಲ್ ಅವಳದು. ತಮ್ಮನ ಮನೆಗೆಂದು ಬಂದವಳು ಒಂದು ಚೀಲ ಬಿಚ್ಚಿ ಮೂಸಿದಳು.

"ದುರ್ಗಿ, ದಂಟು ಎಂತಕ್ಕೆ ಕೊಯ್ದೆ?"

"ಅಂಗಡಿ ಅಂದ್ರೆ ಚಂದ ಕಾಣ್ಬೇಕಲ್ಲ ಅತ್ತಿಗೆ."

"ನಾನೂ ಮೊದ್ಲು ನೂಡಲ್ಸ್ ಮಾಡ್ದೆ. ಒಬ್ರೂ ತಿನ್ಲಿಲ್ಲ. ಗಂಜಿ ಬಡಿಸ್ದೆ, ಹುಡುಕ್ಕಂಡು ಬಂದ್ರು. ಗಾಳಿ ಆಡ್ಲಿ ಅಂತಲೇ ನಮ್ಮ ಅಜ್ಜಿ ಜಡೆ ಹೆಣೆದು ತೂಗ್ಸಿದ್ದು. ನಮ್ಮ ವಿದ್ಯೆ ಬಿಟ್ಟು ಬೇರೆಯವ್ರ ಹಂಗೆ ಆಗುಕೆ ಹೋದ್ರೆ ಸೋಲೂದೇ ಸೈ."

"ಮತ್ತೂ ಹಾಳಾದ್ರೆ?" ಕುಪ್ಪ ಬಿಡಲಿಲ್ಲ.

"ಹೋದ ಮಾಲು ಹೋತು. ಸಂಘದ ಸಭೇಲಿ ಇದ್ದದ್ದು ಇದ್ದ ಹಾಗೆ ಹೇಳಿ, ಕಂತಿಗೆ ಸಮಯ ಕೇಳಿ. ಮುಚ್ಚಿಟ್ರೆ ಮಾತ್ರ ಕಷ್ಟ. ಈಗ ಗದ್ದೆಗೆ ನಡೆ, ಉಳ್ದದ್ದನ್ನ ಕಿತ್ಕಂಡು ಬಾ."

ಕಿತ್ತ ಈರುಳ್ಳಿಯ ದಂಟು ಬಿಸಿಲಿಗೆ ಬಾಡಿದ ಮೇಲೆ ಮೂವರೂ ಕುಳಿತು ಹೆಣೆದರು. ಕೆಂಪು ಗೊಂಚಲುಗಳು ಅಂಗಡಿಯ ಮಾಡಿನಿಂದ ಇಳಿಬಿದ್ದವು. ದೂರದಿಂದಲೇ ಗುರುತು ಹಿಡಿದು ಕಾರುಗಳು ನಿಂತವು. ಕುಮಟಾದ ಸಿಹಿ ಈರುಳ್ಳಿ ಎಂದು ಜನ ಕೈತುಂಬ ಒಯ್ದರು.

ತ್ರ್ಯಂಬಕ ಮತ್ತೆ ಬಂದ. ಈ ಸಲ ಸ್ಕೂಟರಿನಿಂದ ಇಳಿದ. "ಉಳಿದ ಗೊಂಚಲು ಎಲ್ಲ ನಾನೇ ತಗಳ್ತೆ. ದರ..."

"ದರ ನಾನು ಹೇಳ್ತೆ ತ್ರ್ಯಂಬಕಣ್ಣ," ಎಂದಳು ದುರ್ಗಿ. ಹೇಳಿಯೂ ಬಿಟ್ಟಳು. ಒಡ್ಯಾ ಎನ್ನಲಿಲ್ಲ.

ತ್ರ್ಯಂಬಕ ಕುಪ್ಪನ ಮುಖ ನೋಡಿದ.

"ಅವಳು ಹೇಳಿದ್ದೇ ದರ," ಎಂದ ಕುಪ್ಪ. "ಬೇಕಾದ್ರೆ ಗೊಂಚಲು ನಾನು ಇಳಿಸಿ ಕೊಡ್ತೆ."

ತ್ರ್ಯಂಬಕ ತಲೆಯಾಡಿಸಿದ. "ಆತು" ಎಂದ.

ಭಟ್ಕಳದ ಗೊಂಡರ ಕೇರಿಯವರೇ, ಹೊನ್ನಾವರ, ಕುಮಟಾದ ಹಾಲಕ್ಕಿ ಅಕ್ಕತಂಗಿಯರೇ, ನಿಮ್ಮ ಕೈಯಲ್ಲೂ ಒಂದು ವಿದ್ಯೆ ಇದೆ. ಚಾಪೆಯೋ, ಮಣಿಸರವೋ, ಗಂಜಿಯೋ, ನಿಮ್ಮದನ್ನೇ ಮಾರಾಟಕ್ಕಿಡಿ. ಸಾಲ, ತರಬೇತಿಯ ವಿಷಯ ಸಂಘದಲ್ಲಿ ಕೇಳಿ, ಪಂಚಾಯತಿಯಲ್ಲಿ ಕೇಳಿ, ಉತ್ತರ ಸಿಗುವವರೆಗೆ ಎದ್ದು ಬರಬೇಡಿ. ತಲೆಯಾಡಿಸಿದ್ದು ಸಾಕು. ನಿಮ್ಮ ಮಾಲಿನ ದರ ಇನ್ನು ನೀವೇ ಹೇಳಿ.