ಅಪ್ಪ ಬೈದವರ ಸಭೆ

ಸೊಲ್ಲಾಪುರದ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಬೀಜದ ಅಂಗಡಿ ನಡೆಸಿದ ನಮ್ಮಪ್ಪ ಮಲಕಾಜಪ್ಪ, ಬೈಯದೆ ಒಂದು ಚೀಲವನ್ನೂ ಮಾರಿದವರಲ್ಲ. ಅಂಥವರ ಸಮಾಧಿಗೆ ಮೂರನೇ ದಿನ ಹಾಲುತುಪ್ಪ ಎರೆಯಲು ಮೈಂದರ್ಗಿಯ ನಮ್ಮ ಹೊಲದಲ್ಲಿ ಸೇರಿದ್ದೆವು. ಅದಾದ ಮೇಲೆ ಮೈಕು ಹಿಡಿದು ಸತ್ತವರನ್ನು ಹೊಗಳುವುದು ನಮ್ಮ ಕಡೆಯ ಪದ್ಧತಿ. ಯಾರ ಹೆಸರು ತೆಗೆದು ಯಾರ ಹೆಸರು ಹಾಕಿದರೂ ನಡೆಯುವಂಥ ಭಾಷಣಗಳು. ಕೊನೆಗೆ ಮಗನಾದ ನಾನು ಮಾತಾಡಬೇಕು. ನನ್ನ ಕಿಸೆಯಲ್ಲೂ ಅಂಥದೇ ಒಂದು ಹಾಳೆ ಇತ್ತು, ಮಾಸ್ತರರೊಬ್ಬರಿಂದ ಬರೆಸಿದ್ದು.

ಮೊದಲು ಎದ್ದವರು ಊರಿನ ಪುಢಾರಿ ಕಾಂತೇಶ. "ಅಣ್ಣಾ ಫಾರ್ ಶಾಂತ ಸ್ವಭಾವಾಚೇ ಹೋತೇ," ಎಂದು ಮರಾಠಿಯಲ್ಲಿ ಶುರುಮಾಡಿದರು. ಅಪ್ಪ ಬಹಳ ಶಾಂತ ಸ್ವಭಾವದವರಂತೆ! ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲವಂತೆ! ಹಿಂದೆ ಕೂತಿದ್ದ ರೈತರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಮೈಯೆಲ್ಲ ಉರಿಯಿತು.

ಅವ್ವ ನನ್ನ ತೋಳು ಜಗ್ಗಿದಳು. "ಗುರುಸಿದ್ಧಾ, ಇವರು ಯಾರ ಬಗ್ಗಿ ಮಾತಾಡಾಕತ್ತಾರೋ? ಇಲ್ಲಿ ನಿಮ್ಮಪ್ಪನ್ನ ಮಣ್ಣು ಮಾಡೇವಿ, ಹೌದಿಲ್ಲೋ?"

"ಸತ್ತವರ ಬಗ್ಗಿ ಹಂಗ ಹೇಳ್ತಾರವ್ವ."

"ನೀನೂ ಹಂಗ ಹೇಳಿದ್ರ, ಅವರು ಖರೇನ ಸತ್ತಂಗ."

ನನ್ನ ಸರದಿ ಬಂದಾಗ ಹಾಳೆಯನ್ನು ಕಿಸೆಯಲ್ಲೇ ಬಿಟ್ಟೆ. ಮೈಕು ಹಿಡಿದೆ.

"ನಮ್ಮಪ್ಪ ಶಾಂತ ಇರಲಿಲ್ರಿ. ಬಾಳ ಬೈತಿದ್ರು. ಹೊಲಕ್ಕ ಹೊಂದದ ಬೀಜ ಕೇಳಿದ್ರ ಬೈದು ಹೊರಗ ಹಾಕ್ತಿದ್ರು. ಯಾರ್‍ಯಾರಿಗಿ ಬೈದಾರ, ಕೈ ಎತ್ರಿ."

ಒಂದು ಕೈಯೂ ಮೇಲೇಳಲಿಲ್ಲ. ಅಪ್ಪನ ಮಾನ ನಾನೇ ಕಳೆದೆನಲ್ಲ ಎಂದುಕೊಂಡೆ.

ಆಗ ವಳಸಂಗದ ಮುದುಕ ಅಮೃತಪ್ಪ ಎದ್ದು ನಿಂತ. "'ಕರಿ ಎರಿಮಣ್ಣಿನ ಹೊಲದಾಗ ಶೇಂಗಾ ಹಾಕ್ತೀಯೇನೋ ಕತ್ತೆ?' ಅಂದಿದ್ರು ನನಗ. ಅದೂ ಹತ್ತು ಮಂದ್ಯಾಗ!" ಶಾಲು ಹೊದಿಸಿಕೊಂಡವನ ಹಾಗೆ ಸುತ್ತಲೂ ನೋಡಿದ.

"ಅದೇನ್ ದೊಡ್ಡದು?" ಕುರನೂರಿನ ಮುಕ್ತಾಬಾಯಿ ಬಿಡಲಿಲ್ಲ. "'ಮೊದಲ ಹೊಲ ಹದ ಮಾಡು, ಹೋಗು' ಅಂತ ನನಗ ಎರಡು ಸರ್ತಿ ಬೈದು ತಿರುಗಿ ಕಳಿಸ್ಯಾರ. ಮೂರನೇ ಸರ್ತಿಗಿ ಬೀಜ ಕೊಟ್ರು. ಆ ವರ್ಷ ನಮ್ಮ ತೊಗರಿ ನೋಡಾಕ ಮಂದಿ ಬರ್ತಿದ್ರು."

ಒಂದೊಂದೇ ಕೈ ಮೇಲೆದ್ದಿತು. ಯಾರ ಬೈಗುಳ ದೊಡ್ಡದೆಂದು ಜಗಳವೇ ಶುರುವಾಯಿತು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅಮೃತಪ್ಪ ಕಾಂತೇಶರ ಕಡೆ ತಿರುಗಿದ. "ಸಾಹೇಬ್ರ, ನಿಮಗ ಏನಂತ ಬೈದಿದ್ರು?"

ಕಾಂತೇಶ ಟೊಪ್ಪಿಗೆ ಸರಿಮಾಡಿಕೊಂಡರು. "ನನಗ ಒಮ್ಮಿನೂ ಬೈದಿಲ್ಲ. 'ಬರ್ರಿ, ಕೂಡ್ರಿ' ಅಂತಿದ್ರು, ಅಷ್ಟ."

ಯಾರೂ ನಗಲಿಲ್ಲ. ಎಲ್ಲರೂ ಅವರನ್ನು ಕನಿಕರದಿಂದ ನೋಡಿದರು.

"ನಮ್ಮ ಗುರುಸಿದ್ಧ ದಿನಾ ಬೈಸಿಕೊಂಡಾನ್ರಿ," ಅವ್ವ ಕೂತಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದಳು.

ನಾನು ಮೈಕು ಇಟ್ಟು ಹೊರಟಾಗ ಅಷ್ಟೂ ಜನ, ದೊಡ್ಡ ಮನುಷ್ಯರಿಗೆ ಬಿಡುವಂತೆ, ನನಗೆ ದಾರಿ ಬಿಟ್ಟು ಸರಿದು ನಿಂತರು.