ಲಿಫ್ಟ್ ಬೀಳುವಾಗ ಹಾರಿದರೆ

ನಾನು ಫಿಸಿಕ್ಸ್ ಹೇಳಿಕೊಡಲು ಶುರುಮಾಡಿದಾಗಿನಿಂದ ಮಕ್ಕಳ ಪ್ರಶ್ನೆಗಳು ಬದಲಾಗಿಲ್ಲ. ಭೂಮಿ ಅಷ್ಟು ಜೋರಾಗಿ ತಿರುಗಿದರೂ ನಮಗೇಕೆ ಗೊತ್ತಾಗುವುದಿಲ್ಲ? ಚಂದ್ರ ಯಾಕೆ ಕೆಳಗೆ ಬೀಳುವುದಿಲ್ಲ? ಹಿಂದಿನ ಬೆಂಚಿನಿಂದ ತಪ್ಪದೆ ಬರುವುದು ಇನ್ನೊಂದು: ಹಗ್ಗ ಕಡಿದು ಲಿಫ್ಟ್ ಬೀಳುವಾಗ, ನೆಲ ಮುಟ್ಟುವ ಮುಂಚೆ ಮೇಲಕ್ಕೆ ಹಾರಿದರೆ ಬದುಕಬಹುದಾ? ತರಗತಿಯೆಲ್ಲ ಗೊಳ್ಳೆಂದು ನಗುತ್ತದೆ. ನಾನು ನಗದೆ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸುತ್ತೇನೆ. ಪ್ರಶ್ನೆ ಎಷ್ಟೇ ಪೆದ್ದಾಗಿರಲಿ, ಅರ್ಧ ಉತ್ತರ ಕೊಟ್ಟು ಕೈತೊಳೆದುಕೊಳ್ಳುವ ಜಾಯಮಾನ ನನ್ನದಲ್ಲ. ಕಡ್ಡಿ ಮುರಿದಂತೆ ಮಾತಾಡುತ್ತೇನೆಂದು ಮಕ್ಕಳು ನನಗೆ ‘ಕಡ್ಡಿ ಮೇಡಂ’ ಎಂದು ಹೆಸರಿಟ್ಟಿದ್ದಾರೆ.

ಈ ವರ್ಷ ಅದನ್ನು ಕೇಳಿದ್ದು ಮುಂದಿನ ಬೆಂಚಿನ ಹುಡುಗಿ, ಎಲ್ಲರೂ ಹೋದ ಮೇಲೆ. ಅವಳ ಅಪ್ಪ ಲಿಫ್ಟ್ ಮೆಕ್ಯಾನಿಕ್. ಹೋದ ತಿಂಗಳು ಗೋದಾಮೊಂದರ ಹಳೇ ಲಿಫ್ಟಿನ ಬ್ರೇಕು ಬಿಚ್ಚಿ ರಿಪೇರಿ ಮಾಡುತ್ತಿದ್ದಾಗ ಹಗ್ಗ ಕಡಿದು, ಲಿಫ್ಟಿನ ಸಮೇತ ಬಿದ್ದು ತೀರಿಕೊಂಡಿದ್ದರು.

“ಅಪ್ಪನ ಜೊತೆ ಕೆಲಸಕ್ಕೆ ಹೋಗಿದ್ದ ಅಣ್ಣ ಮೇಲೆ ಮೋಟಾರ್ ಹತ್ರ ಇದ್ದ ಮೇಡಂ. ‘ಅಪ್ಪಾ, ಹಾರು’ ಅಂತ ಕೂಗಿದ್ನಂತೆ. ಅವರ ಕೆಲಸದೋರು ಹೊಸಬರಿಗೆ ಹಾಗೇ ಹೇಳ್ಕೊಡ್ತಾರೆ, ಕೊನೇ ಗಳಿಗೇಲಿ ಹಾರ್ಬೇಕು ಅಂತ. ಕೂಗೋದು ತಡ ಆಯ್ತು, ಅಪ್ಪನ್ನ ನಾನೇ ಕೊಂದೆ ಅಂತಾನೆ. ಊಟ ಬಿಟ್ಟಿದಾನೆ. ನಾನು ಏನ್ ಹೇಳಿದ್ರೂ ಸಮಾಧಾನಕ್ಕೆ ಹೇಳ್ತೀಯ ಅಂತಾನೆ. ನೀವು ಬಂದು ಹೇಳ್ತೀರಾ?”

ಆ ಸಂಜೆಯೇ ಹೋದೆ. ಬಾಗಿಲ ಹಿಂದೆ ಸತ್ತವರ ಬೂಟುಗಳು ಗ್ರೀಸಿನ ಕಲೆಯೊಂದಿಗೆ ಹಾಗೇ ಇದ್ದವು. ಅಣ್ಣನ ಕೆನ್ನೆ ಒಳಗೆ ಹೋಗಿತ್ತು. ತಾಯಿ ಗೋಡೆಗೊರಗಿ ನಿಂತರು. ಅವರಿಗೆ ಅಳುವ ಶಕ್ತಿಯೂ ಉಳಿದಂತಿರಲಿಲ್ಲ.

“ನೋಡಪ್ಪಾ,” ಎಂದೆ, “ಲಿಫ್ಟ್ ಎಷ್ಟು ವೇಗದಲ್ಲಿ ಬೀಳುತ್ತೋ ಒಳಗಿರೋರೂ ಅಷ್ಟೇ ವೇಗದಲ್ಲಿ ಬೀಳ್ತಿರ್ತಾರೆ. ಹಾರಿದ್ರೆ ಅದರಲ್ಲಿ ಒಂಚೂರು ಕಮ್ಮಿ ಆಗ್ಬಹುದು, ಮಿಕ್ಕಿದ್ದು ಹಾಗೇ ಇರುತ್ತೆ. ನೀನು ಯಾವಾಗ ಕೂಗಿದ್ರೂ ಹಾರಿ ಬದುಕೋಕೆ ಆಗ್ತಿರ್ಲಿಲ್ಲ.”

ಅವನು ತಲೆಯೆತ್ತಿ, “ಮತ್ತೆ ಏನಂತ ಕೂಗ್ಬೇಕಿತ್ತು ಮೇಡಂ?” ಎಂದ.

ಈ ಪ್ರಶ್ನೆಯನ್ನು ಯಾವ ಹುಡುಗನೂ ನನ್ನನ್ನು ಕೇಳಿರಲಿಲ್ಲ. ಉತ್ತರ ಮಾತ್ರ ಗೊತ್ತಿತ್ತು. ಅಂಗಾತ ಮಲಗಬೇಕು. ಪೆಟ್ಟು ಮೈಗೆಲ್ಲ ಹಂಚಿಹೋಗಿ, ಬದುಕುವ ಸಾಧ್ಯತೆ ಎಳ್ಳಿನಷ್ಟಾದರೂ ಇರುತ್ತದೆ. ಇವನ ಕೂಗು ಕೇಳಿ ಅಪ್ಪ ಮಲಗದೆ, ಹಾರಲೆಂದು ಎದ್ದು ನಿಂತಿರಬೇಕು. ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.

“ಏನೂ ಇಲ್ಲ ಕಣಪ್ಪಾ,” ಎಂದೆ. “ಕೂಗೋಕೆ ಏನೂ ಇರ್ಲಿಲ್ಲ.”

ಅವನು ನನ್ನ ಮುಖವನ್ನೇ ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ. ಕೊನೆಗೆ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ತಾಯಿ ಬಂದು ಅವನ ತಲೆಯನ್ನು ಎದೆಗೆ ಒತ್ತಿಕೊಂಡರು.

ಹುಡುಗಿ ಗೇಟಿನವರೆಗೆ ಬಂದಳು. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಮೆಲ್ಲಗೆ ಹೇಳಿದಳು: “‘ಮಲಗು’ ಅನ್ಬೇಕಿತ್ತು ಅಲ್ವಾ ಮೇಡಂ? ಲೈಬ್ರರಿ ಪುಸ್ತಕದಲ್ಲಿ ಓದಿದೆ.”

ಇಷ್ಟು ಚಿಕ್ಕ ವಯಸ್ಸಿಗೆ ಇದನ್ನು ಒಬ್ಬಳೇ ಹೊತ್ತುಕೊಂಡು ಓಡಾಡಿದ್ದಾಳಲ್ಲ ಎನಿಸಿತು.

“ಅಣ್ಣನಿಗೆ ಗೊತ್ತಾ?”

“ಇಲ್ಲ. ಆ ಪುಸ್ತಕ ಅವನ ಕೈಗೆ ಸಿಗೋ ಮುಂಚೆ ನೀವು ಬಂದು ಹೇಳಿದ್ರೆ ನಂಬ್ತಾನೆ ಅಂತಾನೇ ಕರೆದೆ,” ಎಂದಳು. ಒಳಗಿನಿಂದ ತಾಯಿ ಕೂಗಿದರು. ಅಣ್ಣನಿಗೆ ಊಟಕ್ಕೆ ತಟ್ಟೆ ಇಡಲು ಅವಳು ಓಡಿಹೋದಳು.